ಕೆಂಚನ ವಿಷಯಕ್ಕೆ, ಮಗಳಿಗೊಂದು ಪತ್ರ

ಪುಟ್ಟಿ,

ಫೋನಲ್ಲಿ ಅಳು ಜಾಸ್ತಿ ಮಾತು ಕಮ್ಮಿ ಆಯ್ತು, ಅದಕ್ಕೇ ಬರೀತಿದೀನಿ, ನಿಧಾನಕ್ಕೆ ಓದ್ಕೋ.

ಇಷ್ಟು ಔಷಧಿ ಹಾಕಿದ್ರೂ ನಿನ್ ನಾಯಿ ಕೆಂಚನಿಗೆ ಗುಣ ಕಾಣ್ತಿಲ್ಲ ಅಂದ್ಯಲ್ಲ, ಡಾಕ್ಟ್ರನ್ನ ಬದಲಾಯಿಸೋಕೆ ಮುಂಚೆ ಔಷಧಿ ಹೊಟ್ಟೆಗೆ ಹೋಗ್ತಿದ್ಯಾ ನೋಡು. ಮಾತ್ರೆನ ಕೆನ್ನೆ ಸಂದಿಲಿ ಇಟ್ಕೊಂಡು ನೀನು ಆಕಡೆ ತಿರುಗಿದ ತಕ್ಷಣ ಸೋಫಾ ಹಿಂದೆ ಉಗಿಯೋ ಕಳ್ಳ ಅವ್ನು. ಉಣ್ಣೆ ಹುಳ ಕಚ್ಚಿ ಬರೋ ಜ್ವರಕ್ಕೆ ಕೊಡೋ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಹಾಲಿನ ಜೊತೆ ಕೊಟ್ರೆ ರಕ್ತಕ್ಕೆ ಸೇರೋದು ಕಮ್ಮಿ ಆಗುತ್ತೆ, ಮತ್ತೆ ಅದನ್ನ ಸಾಮಾನ್ಯವಾಗಿ 28 ದಿನ ಕೊಡ್ಬೇಕು, ಸ್ವಲ್ಪ ಚುರುಕಾದ ಅಂತ ನಡುವೆ ನಿಲ್ಸೋ ಹಾಗಿಲ್ಲ.

ಅದೆಲ್ಲ ಸರಿ ಇದ್ರೆ ಡಾಕ್ಟ್ರ ಹತ್ರ ನೇರವಾಗಿ ಕೇಳು, ನಾವು ಯಾವ ಕಾಯಿಲೆಗೆ ಔಷಧಿ ಕೊಡ್ತಿದೀವಿ, ಅದು ಟೆಸ್ಟಲ್ಲಿ ಗೊತ್ತಾಗಿದ್ದಾ ಇಲ್ಲಾ ಅಂದಾಜಾ, ಎಷ್ಟು ದಿನದಲ್ಲಿ ಏನು ಬದಲಾಗ್ಬೇಕು. ಕೇಳೋಕೆ ಸಂಕೋಚ ಬೇಡ. ವಯಸ್ಸಾದ ನಾಯಿಗೆ ಎಷ್ಟೋ ಸಲ ಒಂದಲ್ಲ ಎರಡು ಕಾಯಿಲೆ ಇರುತ್ತೆ, ಒಂದಕ್ಕೆ ಕೊಟ್ಟಿದ್ದು ಇನ್ನೊಂದನ್ನ ಮುಟ್ಟೋದೇ ಇಲ್ಲ. ಕಿಡ್ನಿ ಮುಕ್ಕಾಲು ಪಾಲು ಕೆಲಸ ಬಿಟ್ಟ ಮೇಲೇನೇ ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಸ ಏರೋದು ಅಂತಾರೆ, ಹಾಗಾಗಿ ರಿಪೋರ್ಟ್ ನಾರ್ಮಲ್ ಅಂದ್ರೆ ಕಿಡ್ನಿ ಚೆನ್ನಾಗಿದೆ ಅಂತ ಅಲ್ಲ, ಎಸ್‌ಡಿಎಂಎ ಅಂತ ಇನ್ನೊಂದು ರಕ್ತದ ಟೆಸ್ಟ್ ಇದೆ, ಅದು ಬೇಗ ಸುಳಿವು ಕೊಡುತ್ತೆ. ಹೊಟ್ಟೆಯೊಳಗಿನ ಗುಲ್ಮದಲ್ಲಿ (ಸ್ಪ್ಲೀನ್) ಗಡ್ಡೆ ಇದ್ರೆ ರಕ್ತದ ಟೆಸ್ಟಲ್ಲಿ ಸಿಗದೇನೂ ಇರ್ಬಹುದು, ಹೊಟ್ಟೆ ಸ್ಕ್ಯಾನೇ ಬೇಕು. ಡ್ರಿಪ್ ಹಾಕಿದಾಗ ಎದ್ದು ಕೂತು ಆಮೇಲೆ ಮತ್ತೆ ಬಿದ್ದೋಗ್ತಾನೆ ಅಂದ್ಯಲ್ಲ, ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಮ್ಮಿಯಾಗೋ ಅಡಿಸನ್ಸ್ ಕಾಯಿಲೆ ಇರ್ಬಹುದಾ ಅಂತಾನೂ ಕೇಳು, ಆ ಕಾಯಿಲೆ ಬೇರೆ ಹತ್ತು ಕಾಯಿಲೆ ವೇಷ ಹಾಕುತ್ತೆ, ಆದ್ರೆ ಗೊತ್ತಾದ್ರೆ ಚೆನ್ನಾಗಿ ಹಿಡಿತಕ್ಕೆ ಬರುತ್ತೆ.

ಇನ್ನೊಬ್ಬ ಡಾಕ್ಟ್ರ ಹತ್ರ ಹೋಗೋದಾದ್ರೆ ಪೂರ್ತಿ ಫೈಲ್ ತಗೊಂಡು ಹೋಗು, ಕೊಟ್ಟಿರೋ ಔಷಧಿ, ಡೋಸ್ ಎಲ್ಲಾ. ಸ್ಟೀರಾಯ್ಡ್ ನೀನಾಗೇ ನಿಲ್ಸಬೇಡ. ನೋವು ಅಂತ ನಮ್ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ಬೇಡವೇ ಬೇಡ.

ಈಗ ನೀನು ಕೇಳೋಕೆ ಹೆದರ್ತಿರೋ ವಿಷಯ. ಕೆಲವು ಕಾಯಿಲೆ ಹೋಗೋದಿಲ್ಲ, ಆಗ ವಾಕರಿಕೆ, ನೋವು ಎರಡನ್ನೂ ತಗ್ಗಿಸಿದ್ರೇನೇ ಎಷ್ಟೋ ನಾಯಿ ಮತ್ತೆ ತಟ್ಟೆಗೆ ಬಾಯಿ ಹಾಕುತ್ತೆ. ದಿನಾ ಒಂದು ಪುಸ್ತಕದಲ್ಲಿ ಒಂದ್ ಸಾಲು ಬರ್ದಿಡು, ತಿಂದ್ನಾ, ತಾನೇ ಎದ್ನಾ, ನಿನ್ ದನಿಗೆ ಬಾಲ ಆಡ್ಸಿದ್ನಾ. ಗಾಢ ನಿದ್ದೆಲಿ ಉಸಿರು ಎಣಿಸು, ನಿಮಿಷಕ್ಕೆ 30ರೊಳಗೆ ಇರ್ಬೇಕು. ಒಸಡು ಬೆಳ್ಳಗೋ ನೀಲಿಗೋ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ. ಆ ಪುಸ್ತಕದಲ್ಲಿ ಕೆಟ್ಟ ದಿನಗಳೇ ಜಾಸ್ತಿ ಆದ್ರೆ ನೋವಿಲ್ಲದೆ ಕಳ್ಸಿಕೊಡೋ ಮಾತು ನೀನೇ ತೆಗಿ, ಡಾಕ್ಟ್ರು ನೀನು ಕೇಳ್ಲಿ ಅಂತ ಎಷ್ಟೋ ಸಲ ಸುಮ್ನಿರ್ತಾರೆ. ಸಾಮಾನ್ಯವಾಗಿ ಮೊದಲು ಮಂಪರು ಬರ್ಸ್ತಾರೆ, ಆಮೇಲೆ ಅರಿವಳಿಕೆ ಔಷಧಿನೇ ಜಾಸ್ತಿ ಡೋಸಲ್ಲಿ, ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತೆ, ಕೊನೇಲಿ ಒಂದ್ಸಲ ಉಸಿರೆಳೆದ ಹಾಗೆ ಆಗ್ಬಹುದು, ಅದು ನೋವಲ್ಲ, ಮುಂಚೆನೇ ಹೇಳಿರ್ತೀನಿ ಹೆದರ್ಬೇಡ. ನನ್ನ ಕೇಳಿದ್ರೆ ಮಧ್ಯರಾತ್ರಿ ಒದ್ದಾಡ್ಕೊಂಡು ಹೋಗೋದಕ್ಕಿಂತ ಒಂದು ವಾರ ಮುಂಚೆನೇ ಆದ್ರೂ ಪರವಾಗಿಲ್ಲ. ನಿಮ್ಮಪ್ಪ ಒಪ್ಪಲ್ಲ, ಅದು ಬೇರೆ ಮಾತು.

ಆದ್ರೆ ನಾವಿನ್ನೂ ಅಲ್ಲಿಗೆ ಬಂದಿಲ್ಲ. ಮೊದಲು ಸ್ಕ್ಯಾನ್ ಮಾಡ್ಸು, ರಿಪೋರ್ಟ್ ಫೋಟೋ ತೆಗ್ದು ಕಳ್ಸು, ಶನಿವಾರ ನಾನೇ ಬರ್ತೀನಿ.

ಅಮ್ಮ