ಹಿಂದಿನ ಹುಡುಕಾಟಗಳನ್ನು ಇನ್ನು ಮತ್ತೆ ನಡೆಸಬಹುದು

ಮಾನ್ಯ ಗ್ರಾಹಕರೇ,

ನಮ್ಮ ಇಮೇಲ್ ಸಂಗ್ರಹ ತಂತ್ರಾಂಶಕ್ಕೆ ಈ ವಾರ ‘ಹಿಂದಿನ ಹುಡುಕಾಟಗಳು’ ಎಂಬ ಪುಟ ಸೇರಿದೆ. ನೀವು ಏನನ್ನು, ಯಾವಾಗ, ಯಾವ ಷರತ್ತು ಹಾಕಿ ಹುಡುಕಿದಿರಿ, ಎಷ್ಟು ಪತ್ರ ಸಿಕ್ಕವು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ‘ಮತ್ತೆ ಹುಡುಕು’ ಒತ್ತಿದರೆ ಅದೇ ಷರತ್ತುಗಳೊಂದಿಗೆ ಹುಡುಕಾಟ ಮತ್ತೆ ನಡೆಯುತ್ತದೆ.

ಲೆಕ್ಕಪತ್ರ ವಿಭಾಗದವರಿಗೆ ಇದರ ಬೆಲೆ ಗೊತ್ತು. ಜಿಎಸ್‌ಟಿ ನೋಟಿಸ್ ಬಂದಾಗ 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಒಬ್ಬ ಸರಬರಾಜುದಾರರಿಂದ ಬಂದ, ಲಗತ್ತು ಇರುವ, ವಿಷಯದ ಸಾಲಿನಲ್ಲಿ ‘ಕ್ರೆಡಿಟ್ ನೋಟ್’ ಎಂದೋ ಬರೀ ‘ಸಿಎನ್’ ಎಂದೋ ಬರೆದಿರುವ ಪತ್ರಗಳನ್ನಷ್ಟೇ ಹೆಕ್ಕಬೇಕು. ಇಷ್ಟನ್ನು ಹೊಂದಿಸುವುದರಲ್ಲೇ ಹೊತ್ತು ಹೋಗುತ್ತದೆ. ತಿಂಗಳುಗಳ ನಂತರ ಅಧಿಕಾರಿ ಅದನ್ನೇ ಮತ್ತೆ ಕೇಳುತ್ತಾರೆ, ಹೊಂದಿಸಿದವರು ಅಷ್ಟರಲ್ಲಿ ಬೇರೆ ಶಾಖೆಗೆ ಹೋಗಿರುತ್ತಾರೆ. ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ದಾಖಲೆ ಕಾಪಾಡಬೇಕೆನ್ನುತ್ತದೆ ಜಿಎಸ್‌ಟಿ ಕಾಯ್ದೆ. ಅಷ್ಟು ಕಾಲ ಷರತ್ತುಗಳನ್ನು ನೆನಪಿಡುವ ಹೊರೆ ಯಾರ ತಲೆಯ ಮೇಲೂ ಬೇಡ.

ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಮತ್ತೆ ಹುಡುಕಿದಾಗ ಹಳೆಯ ಷರತ್ತು ಇಂದಿನ ಸಂಗ್ರಹಕ್ಕೆ ಅನ್ವಯವಾಗುತ್ತದೆ. ನಡುವೆ ಹಳೆಯ ಅಂಚೆಪೆಟ್ಟಿಗೆಯೊಂದನ್ನು ಸೇರಿಸಿದ್ದರೆ ಪತ್ರಗಳು ಹೆಚ್ಚುತ್ತವೆ. ಉಳಿಸುವ ಅವಧಿ ಮುಗಿದವು ಅಳಿದಿದ್ದರೆ ಕಡಿಮೆಯಾಗುತ್ತವೆ. ‘ಕಳೆದ 30 ದಿನ’ ಎಂದು ಹಾಕಿದ್ದರೆ ಆ ಎಣಿಕೆ ಇಂದಿನಿಂದಲೇ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಲೆಕ್ಕಪರಿಶೋಧನೆಗೆ ಸಂಬಂಧಿಸಿದ ಹುಡುಕಾಟಕ್ಕೆ ಆರಂಭ ಮತ್ತು ಕೊನೆಯ ದಿನಾಂಕಗಳನ್ನೇ ನಮೂದಿಸಿ.

ನ್ಯಾಯಾಲಯಕ್ಕೆ ಹೋಗುವ ವಿಷಯವಾದರೆ ಫಲಿತಾಂಶವನ್ನು ಅಂದೇ ಕಡತವಾಗಿ ಇಳಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಲ್ಲಿ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಕೇತವನ್ನು, ಬರೆಯಬೇಕಾಗುತ್ತದೆ. ಇಳಿಸಿದ ಕಡತದ ಜೊತೆಗೇ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಲೆಕ್ಕಹಾಕಿದ ಹ್ಯಾಶ್ ಮೌಲ್ಯವನ್ನು ನಾವು ಕೊಡುತ್ತೇವೆ.

ನಿಮ್ಮ ಹುಡುಕಾಟಗಳು ನಿಮಗೂ ನಿಮ್ಮ ಸಂಸ್ಥೆಯ ಆಡಳಿತ ಖಾತೆಯವರಿಗೂ ಮಾತ್ರ ಕಾಣುತ್ತವೆ. ಈ ಪಟ್ಟಿಗೆ ಅಳಿಸುವ ಗುಂಡಿ ಇಟ್ಟಿಲ್ಲ, ಮುಂದೆಯೂ ಇಡುವುದಿಲ್ಲ. ಸಹೋದ್ಯೋಗಿಯ ಪತ್ರಗಳನ್ನು ಯಾರಾದರೂ ಹುಡುಕಿ ತೆರೆದರೆ ಅದರ ಗುರುತು ಉಳಿಯಲೇಬೇಕು. ಪತ್ರ ಬರೆದವರಿಗೆ ನಾವು ಕೊಡಬಹುದಾದ ರಕ್ಷಣೆ ಅದು. ಅನುಮತಿಯೂ ಇಂದಿನದೇ ಲೆಕ್ಕಕ್ಕೆ ಬರುತ್ತದೆ: ವಿಭಾಗ ಬದಲಾದವರಿಗೆ ತಮ್ಮ ಹಳೆಯ ಹುಡುಕಾಟದ ಷರತ್ತು ಕಂಡರೂ ಆ ವಿಭಾಗದ ಪತ್ರಗಳು ತೆರೆಯುವುದಿಲ್ಲ.

ಈ ಸೌಲಭ್ಯಕ್ಕೆ ಹೆಚ್ಚುವರಿ ಶುಲ್ಕವಿಲ್ಲ. ಹೊಸ ಆವೃತ್ತಿಗೆ ಮುಂಚಿನ ಹುಡುಕಾಟಗಳು ಪಟ್ಟಿಯಲ್ಲಿ ಇರುವುದಿಲ್ಲ. ಮುಖ್ಯವಾದವನ್ನು ದಯವಿಟ್ಟು ಒಮ್ಮೆ ಹೊಸದಾಗಿ ನಡೆಸಿಬಿಡಿ. ಷರತ್ತು ಹೊಂದಿಸಲು ನೆರವು ಬೇಕಿದ್ದರೆ ನಮ್ಮ ಸಹಾಯವಾಣಿಗೆ ಕರೆ ಮಾಡಿ, ಜೊತೆಯಲ್ಲೇ ಕುಳಿತು ಮಾಡಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಗ್ರಾಹಕ ಸೇವಾ ತಂಡ