ಅವನು ನಿಲ್ಲಿಸಿದರೆ ನಿನ್ನದೂ ನಿಲ್ಲುತ್ತಾ?

ದಾವಣಗೆರೆ

ಮಗಳೇ,

ಮೊಣಕಾಲು ನೋವು, ಅಲ್ಲಿಯ ಹಿಮ ಎಲ್ಲಾ ಓದಿದೆ. ಕಣ್ಣು ನಿಂತಿದ್ದು, ಡಿವೋರ್ಸ್ ಆದ ಗಂಡನ ಲೆಕ್ಕದಿಂದ ನಿನಗೆ ಬರುವ ದುಡ್ಡಿನ ಬಗ್ಗೆ ಬರೆದ ಕೊನೆಯ ಸಾಲಲ್ಲಿ. ‘ಅವರು ಪಿಂಚಣಿ ನಿಲ್ಲಿಸಿದ್ದಾರಂತೆ, ನನಗೆ ಬರೋದೂ ನಿಲ್ಲುತ್ತಾ ಚಿಕ್ಕಪ್ಪ?’ ಅಲ್ಲಿ ನಿನ್ನ ಅಕ್ಷರ ಸೊಟ್ಟಗಾಗಿದೆ.

ನಿಲ್ಲಲ್ಲ.

ಮೊಮ್ಮಗನನ್ನು ಎರಡು ಸಂಜೆ ಕೂರಿಸಿಕೊಂಡು ನಿಮ್ಮ ಅಮೆರಿಕದ ಸರ್ಕಾರಿ ಪಿಂಚಣಿ, ಅದೇ ಸೋಶಿಯಲ್ ಸೆಕ್ಯುರಿಟಿಯ ನಿಯಮ ಓದಿಸಿದೆ. ಪೂರ್ತಿ ಪಿಂಚಣಿ ಸಿಗುವ ವಯಸ್ಸು ತುಂಬಿದವರು ಬೇಕಾದರೆ ಅದನ್ನು ನಿಲ್ಲಿಸಬಹುದಂತೆ. 70 ಆಗುವವರೆಗೆ ವರ್ಷಕ್ಕೆ ಶೇಕಡಾ 8ರಂತೆ ಬೆಳೆಯುತ್ತೆ, ಆಮೇಲೆ ತಾನಾಗೇ ಶುರುವಾಗುತ್ತೆ. ಅವನ ಲೆಕ್ಕ ಅದೇ ಇರಬೇಕು, ದುಡ್ಡಿನಲ್ಲಿ ಅವನು ಯಾವತ್ತೂ ಗಟ್ಟಿಗ. 2015ರ ಕಾನೂನು ಬಂದ ಮೇಲೆ, ಹೀಗೆ ನಿಲ್ಲಿಸಿದರೆ ಅವನ ಲೆಕ್ಕದಲ್ಲಿ ಹೆಂಡತಿ ಮಕ್ಕಳಿಗೆ ಬರುವುದೂ ನಿಲ್ಲುತ್ತೆ. ಡಿವೋರ್ಸ್ ಆದವಳಿಗೆ ಮಾತ್ರ ನಿಲ್ಲಲ್ಲ. ಈಗಿನವಳಿಗೆ ನಿಂತರೂ ನಿನಗೆ ಬರುತ್ತೆ ಅಂತ ಕೇಳಿ ನಕ್ಕುಬಿಟ್ಟೆ. ನಿನ್ನ ಚಿಕ್ಕಮ್ಮ ಬೈದಳು. ಅವಳು ಬೈದಿದ್ದು ಸರಿ.

ಈ ಭಯ ನನಗೆ ಗೊತ್ತು. ಒಂದು ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡೋದು ಮರೆತೆ. ಪಿಂಚಣಿ ನಿಂತಿತು. ಪಾಸ್‌ಬುಕ್ ಮಷಿನ್ನಿಗೆ ಹಾಕಿದರೆ ಕರಕರ ಸದ್ದು ಮಾಡಿ, ಹೊಸ ಸಾಲೇ ಇಲ್ಲದೆ ಹೊರಗೆ ಬಂತು. ಬ್ಯಾಂಕಿನವರು ತಡ ಮಾಡ್ತಿದ್ದಾರೆ ಅಂತ ಮನೆಯಲ್ಲಿ ಸುಳ್ಳು ಹೇಳಿದೆ. ನನ್ನದು ನನ್ನ ಮರೆವು. ನಿನ್ನದು ಇನ್ನೊಬ್ಬನ ಸಹಿ ಮೇಲೆ ನಿಂತಿದೆ ಅನ್ನೋ ಭಯ, ಅದು ಜಾಸ್ತಿ ಕೆಟ್ಟದ್ದು.

ಒಂದು ಮಾತು ಗಂಟಲಲ್ಲೇ ಉಳಿದಿದೆ. ಈ ದುಡ್ಡು ಬರಬೇಕಾದರೆ ಮದುವೆ 10 ವರ್ಷ ನಿಂತಿರಬೇಕಂತೆ. ಎಂಟನೇ ವರ್ಷ ನೀನು ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದೆ. ತಟ್ಟೆಯಲ್ಲಿ ಮಂಡಕ್ಕಿ, ಮಿರ್ಚಿ. ನೀನು ಮುಟ್ಟಲಿಲ್ಲ, ಮಂಡಕ್ಕಿ ಮೆತ್ತಗಾಯಿತು. ‘ಮಕ್ಕಳು ಚಿಕ್ಕವು, ಇನ್ನೆರಡು ವರ್ಷ ತಾಳ್ಕೋ’ ಅಂದೆ. ನೀನು ಮೂರು ವರ್ಷ ತಾಳಿದೆ. ನೋಡು, ಅದರಿಂದಲೇ ಈಗ ಬರ್ತಿದೆ ಅಂತ ಹೇಳಲು ನನಗೆ ಬಾಯಿ ಬರಲ್ಲ. ಆ ಮೂರು ವರ್ಷ ಹೇಗಿತ್ತು ಅಂತ ನಾನು ಕೇಳಲೂ ಇಲ್ಲ.

ಬುದ್ಧಿ ಹೇಳೋ ಯೋಗ್ಯತೆ ಕಮ್ಮಿ, ಆದರೂ ಹೇಳ್ತೀನಿ. ನಿನ್ನ ಸ್ವಂತ ಪಿಂಚಣಿ ಮಾತ್ರ ನಿಲ್ಲಿಸಬೇಡ. ಹಾಗೆ ಮಾಡಿದರೆ ಅವನ ಲೆಕ್ಕದಿಂದ ಬರುವುದೂ ನಿಲ್ಲುತ್ತೆ. ಮದುವೆ ಕಾಗದ, ಡಿವೋರ್ಸ್ ಕಾಗದ ಒಂದೇ ಕವರಿನಲ್ಲಿಡು. ಅವನದು ಎಷ್ಟೇ ಬೆಳೆದರೂ ಅವನು ಇರುವವರೆಗೆ ನಿನ್ನ ಪಾಲು ಬೆಳೆಯಲ್ಲ. ಅವನು ಹೋದಮೇಲೆ ಆ ಹೆಚ್ಚಿಗೆಯೂ ಸೇರುತ್ತಂತೆ. ಬಿಡು, ಅದನ್ನು ಬರೆಯಬಾರದಿತ್ತು.

ನಿಲ್ಲಲ್ಲ ಅಂತ ಬರೆದೆ, ಆದರೂ ಈ ತಿಂಗಳ ದುಡ್ಡು ಬಂದ ದಿನ ಫೋನ್ ಮಾಡು. ಇಲ್ಲಿ ರಾತ್ರಿ ಎಷ್ಟಾಗಿದ್ದರೂ ಸರಿ.

ನಿನ್ನ ಚಿಕ್ಕಪ್ಪ