ವಸಂತದಲ್ಲೇ ಯಾಕೆ ಜಾಸ್ತಿ?

ಸಂಪಾದಕರೇ,

ಆತ್ಮಹತ್ಯೆ ಚಳಿಗಾಲದ ಕತ್ತಲಲ್ಲೇ ಹೆಚ್ಚು ಅಂತ ಸುಮ್ನೆ ನಂಬಿಬಿಟ್ಟಿದ್ದೇವೆ, ಅಲ್ವಾ? ಯುರೋಪಿನ ಲೆಕ್ಕ ಬೇರೆಯೇ ಹೇಳುತ್ತದೆ. ಅಲ್ಲಿ 19ನೇ ಶತಮಾನದಿಂದಲೂ ವಸಂತ ಮತ್ತು ಬೇಸಿಗೆಯ ಶುರುವಿನಲ್ಲೇ ಏರಿಕೆ ಕಂಡಿದೆ. ಹಗಲು ಉದ್ದವಾದಂತೆ ಜನರ ಓಡಾಟ, ವ್ಯವಹಾರ ಬಿರುಸಾಗುವುದೇ ಕಾರಣ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲೇ ವಾದಿಸಿದ್ದರು. ಈಗಿನ ಸಂಶೋಧಕರು ಬಿಸಿಲಿಗೆ ತಕ್ಕಂತೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಏರಿಳಿಯುವುದನ್ನು, ನಿದ್ದೆಯ ಲಯ ತಪ್ಪುವುದನ್ನು ಗಮನಿಸುತ್ತಾರೆ. ಮನಸ್ಸು ಚೇತರಿಸುವ ಮೊದಲೇ ಮೈಗೆ ಚುರುಕು ಬಂದರೆ ಅಪಾಯ ಎಂಬ ಊಹೆಯೂ ಇದೆ. ನನಗೆ ಸಮಾಜದ ಕಾರಣ, ದೇಹದ ಕಾರಣ ಎರಡೂ ಸೇರಿರಬಹುದು ಅನಿಸುತ್ತದೆ. ಸಾಲ, ಜಗಳ, ಕಾಯಿಲೆ ಎಲ್ಲ ಬಿಟ್ಟು ಬರೀ ಬಿಸಿಲನ್ನು ದೂರಿದರೆ ಹೇಗೆ? ಇಂಥ ಸುದ್ದಿ ಹಾಕುವಾಗ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನೂ ದಪ್ಪ ಅಕ್ಷರದಲ್ಲಿ ಹಾಕಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

– ಒಬ್ಬ ಓದುಗ